ಅಡುಗೆಮನೆಗೆ ಮರಳಿದ ಬಿಯರ್

1963ರಲ್ಲಿ ಬ್ರಿಟನ್ನಿನ ಹಣಕಾಸು ಸಚಿವ ರೆಜಿನಾಲ್ಡ್ ಮಾಡ್ಲಿಂಗ್ ಮಂಡಿಸಿದ ಬಜೆಟ್ಟಿನಲ್ಲಿ ಒಂದು ಸಣ್ಣ ಅಂಶವಿತ್ತು. ಸ್ವಂತ ಬಳಕೆಗೆ ಮನೆಯಲ್ಲಿ ಬಿಯರ್ ತಯಾರಿಸುವವರು ಇನ್ನು ಲೈಸೆನ್ಸ್ ಪಡೆಯಬೇಕಾಗಿಲ್ಲ, ಮಾರುವಂತಿಲ್ಲ, ಅಷ್ಟೆ. 83 ವರ್ಷಗಳ ಕಾಲ ಸರ್ಕಾರದ ಅಪ್ಪಣೆಗೆ ಒಳಪಟ್ಟಿದ್ದ ಒಂದು ಮನೆಗೆಲಸ ಅಂದು ಬಿಡುಗಡೆ ಹೊಂದಿತು. ಶತಮಾನಗಳಿಂದ ರೂಢಿಯಲ್ಲಿದ್ದ ಕೆಲಸಕ್ಕೆ ಲೈಸೆನ್ಸ್ ಬೇಕಾದದ್ದಾದರೂ ಏಕೆ?

ಮಧ್ಯಯುಗದ ಇಂಗ್ಲೆಂಡಿನಲ್ಲಿ ರೊಟ್ಟಿಯಂತೆ ‘ಏಲ್’ ಕೂಡ ಮನೆಯಲ್ಲೇ ಆಗುವ ಪದಾರ್ಥ. ಬಾರ್ಲಿ ಮೊಳಕೆಯಿಂದ ಅದನ್ನು ಮಾಡುತ್ತಿದ್ದವರು ಹೆಚ್ಚಾಗಿ ಹೆಂಗಸರು. ಹಾಗೆ ಮಾಡುವವಳಿಗೆ ‘ಬ್ರೂಸ್ಟರ್’ ಎಂಬ ಹೆಸರೇ ಇತ್ತು. ಏಲ್ ಕೆಲವೇ ದಿನಗಳಲ್ಲಿ ಹುಳಿಯಾಗುತ್ತಿದ್ದುದರಿಂದ ಮನೆಗೆ ಸಾಕಾಗಿ ಮಿಕ್ಕಿದ್ದನ್ನು ನೆರೆಹೊರೆಗೆ ಮಾರುತ್ತಿದ್ದರು. ಬಾಗಿಲ ಮುಂದೆ ಗಳುವೊಂದನ್ನು ಚಾಚಿ ತುದಿಗೆ ಸೊಪ್ಪಿನ ಕಂತೆ ಕಟ್ಟಿದರೆ ಏಲ್ ಸಿದ್ಧವಾಗಿದೆಯೆಂದು ಊರಿಗೆಲ್ಲ ತಿಳಿಯುತ್ತಿತ್ತು.

ಈ ಪದ್ಧತಿಯನ್ನು ಅಲುಗಿಸಿದ್ದು ಒಂದು ಬಳ್ಳಿಯ ಹೂ. ಹಾಪ್ಸ್ ಎಂಬ ಈ ಕಹಿ ಹೂವನ್ನು ಹಾಕಿ ಕುದಿಸಿದ ಬಿಯರ್ 15ನೆಯ ಶತಮಾನದಲ್ಲಿ ನೆದರ್ಲೆಂಡ್ಸ್ ಕಡೆಯಿಂದ ಬಂದು ಇಂಗ್ಲೆಂಡಿನಲ್ಲಿ ಬೇರೂರತೊಡಗಿತು. ಹಾಪ್ಸ್ ರುಚಿಯ ಜೊತೆಗೆ ಬಾಳಿಕೆಯನ್ನೂ ಕೊಡುತ್ತದೆ. ಬೇಗ ಕೆಡದ ಪಾನೀಯವನ್ನು ದೊಡ್ಡ ಹಂಡೆಗಳಲ್ಲಿ ಕಾಯಿಸಿ ದೂರದ ಊರಿಗೆ ಸಾಗಿಸಬಹುದು. ಆದರೆ ಹಂಡೆ, ಸೌದೆ, ಪೀಪಾಯಿ, ಗಾಡಿ ಎಲ್ಲಕ್ಕೂ ಬಂಡವಾಳ ಬೇಕು. ಬಂಡವಾಳವಿದ್ದ ಗಂಡಸರ ಕೈಗೆ ಈ ಕಸುಬು ನಿಧಾನವಾಗಿ ಜಾರಿತು. ವಿಲಿಯಂ ಕಾಬೆಟ್ 1821ರಲ್ಲಿ ಪ್ರಕಟಿಸತೊಡಗಿದ ‘ಕಾಟೇಜ್ ಎಕಾನಮಿ’ ಪುಸ್ತಕ ಬಿಯರ್ ತಯಾರಿಕೆಯಿಂದಲೇ ಆರಂಭವಾಗುತ್ತದೆ. ಬಡವರು ಮನೆಯ ಬಿಯರ್ ಬಿಟ್ಟು ಚಹಾಕ್ಕೆ ಮರುಳಾದರೆಂಬುದು ಅವನ ಸಿಟ್ಟು. ಅದಕ್ಕೆ ಮಾಲ್ಟಿನ ಮೇಲಿನ ತೆರಿಗೆಯೇ ಕಾರಣವೆಂದು ಅವನು ದೂರಿದ.

ಆ ತೆರಿಗೆಯನ್ನು 1880ರಲ್ಲಿ ಗ್ಲ್ಯಾಡ್‌ಸ್ಟನ್ ರದ್ದುಪಡಿಸಿದ. ಬದಲಿಗೆ ಸುಂಕವನ್ನು ಬಿಯರಿನ ಮೇಲೆಯೇ ಹೊರಿಸಿದ. ಸಮಸ್ಯೆ ಹುಟ್ಟಿದ್ದು ಇಲ್ಲಿ. ತೆರಿಗೆ ಮಾಲ್ಟಿನ ಮೇಲಿದ್ದಾಗ ಅದನ್ನು ಕೊಂಡವನು ತೆರಿಗೆಯನ್ನೂ ತೆತ್ತಂತಾಗುತ್ತಿತ್ತು. ಮನೆಯಲ್ಲಿ ಅವನು ಏನು ಮಾಡಿದರೂ ಸರ್ಕಾರಕ್ಕೆ ಚಿಂತೆಯಿರಲಿಲ್ಲ. ಸುಂಕ ಬಿಯರಿನ ಮೇಲೆ ಬಿದ್ದಾಗ ಯಾರ ಮನೆಯಲ್ಲಿ ಬಿಯರ್ ಆಗುತ್ತಿದೆ ಎಂಬುದನ್ನು ತಿಳಿಯಬೇಕಾಯಿತು. ಅದಕ್ಕಾಗಿ ಬಂದದ್ದು ಲೈಸೆನ್ಸ್.

ಸೇಬಿನ ರಸದಿಂದಾಗುವ ಸೈಡರ್ ಮಾತ್ರ ತೋಟದ ಮನೆಗಳಲ್ಲಿ ಉಳಿದುಕೊಂಡಿತು. ಸಾಮರ್‌ಸೆಟ್, ಹೆರಿಫರ್ಡ್‌ಷೈರ್ ಪ್ರಾಂತಗಳಲ್ಲಿ ಆಳುಗಳ ಕೂಲಿಯ ಒಂದು ಭಾಗವನ್ನು ಸೈಡರ್ ರೂಪದಲ್ಲೇ ಕೊಡುವ ರೂಢಿಯಿತ್ತು. 1887ರ ಕಾನೂನು ಈ ರೂಢಿಯನ್ನು ನಿಷೇಧಿಸಿತು.

ಒಂದು ಗ್ಯಾಲನ್ನಿನ ಪಾಠ

1963ರ ನಂತರ ಬ್ರಿಟನ್ನಿನ ಅಂಗಡಿಗಳಿಗೆ ಮನೆಬಿಯರಿನ ಸಾಮಗ್ರಿಗಳು ಬಂದವು. ಹೊಸಬರು ಒಂದು ಗ್ಯಾಲನ್, ಅಂದರೆ ನಾಲ್ಕೂವರೆ ಲೀಟರಿನ ಗಾಜಿನ ಜಾಡಿಯಿಂದ ತೊಡಗುವುದು ಜಾಣತನ. ಕೆಟ್ಟರೂ ನಷ್ಟ ಕಡಿಮೆ.

ಸೈಡರ್ ಎಲ್ಲಕ್ಕಿಂತ ಸುಲಭ. ಸೇಬಿನ ರಸದಲ್ಲಿ ಸಕ್ಕರೆ ಮೊದಲೇ ಇರುವುದರಿಂದ ಕುದಿಸುವ ಕೆಲಸವಿಲ್ಲ. ಕೆಡದಂತೆ ರಾಸಾಯನಿಕ ಬೆರೆಸಿದ ರಸವನ್ನು ಮಾತ್ರ ತರಬಾರದು. ಅದರಲ್ಲಿ ಯೀಸ್ಟ್ ಏಳುವುದಿಲ್ಲ. ಹಾಲಿಗೆ ಹೆಪ್ಪು ಹಾಕುವಂತೆ ರಸಕ್ಕೆ ಯೀಸ್ಟ್ ಸೇರಿಸಿ, ಜಾಡಿಯ ಬಾಯಿಗೆ ನೀರು ತುಂಬಿದ ಬಾಗಿದ ನಳಿಗೆ ಸಿಕ್ಕಿಸಬೇಕು. ಒಳಗಿನ ಇಂಗಾಲದ ಡೈಆಕ್ಸೈಡ್ ಗುಳುಗುಳು ಎಂದು ಹೊರಬರುತ್ತದೆ. ಹೊರಗಿನ ಗಾಳಿ ಒಳಗೆ ಹೋಗದು.

ಬಿಯರಿಗೆ ಒಂದು ಹೆಜ್ಜೆ ಹೆಚ್ಚು. ಬಾರ್ಲಿಯಲ್ಲಿರುವುದು ಪಿಷ್ಟ, ಯೀಸ್ಟಿಗೆ ಬೇಕಾದದ್ದು ಸಕ್ಕರೆ. ನಮ್ಮಲ್ಲಿ ರಾಗಿಯನ್ನು ಮೊಳಕೆ ಕಟ್ಟಿ, ಒಣಗಿಸಿ, ಹುರಿದು ಮಾಲ್ಟ್ ಮಾಡುವಂತೆಯೇ ಅಲ್ಲಿ ಬಾರ್ಲಿಯನ್ನು ಮಾಡುತ್ತಾರೆ. ನುಚ್ಚಾಗಿಸಿದ ಈ ಮಾಲ್ಟನ್ನು ಸುಮಾರು 66 ಡಿಗ್ರಿ ಸೆಲ್ಸಿಯಸ್ ಬಿಸಿಯ ನೀರಿನಲ್ಲಿ ಒಂದು ಗಂಟೆ ನೆನೆಸಿದರೆ ಮೊಳಕೆಯ ಕಿಣ್ವಗಳು ಪಿಷ್ಟವನ್ನು ಸಕ್ಕರೆಯಾಗಿಸುತ್ತವೆ. ಬಸಿದ ಸಿಹಿ ರಸವನ್ನು ಹಾಪ್ಸ್ ಹಾಕಿ ಒಂದು ಗಂಟೆ ಕುದಿಸಿ, ಬೇಗನೆ 20 ಡಿಗ್ರಿಗೆ ತಣಿಸಿ ಯೀಸ್ಟ್ ಬೆರೆಸಬೇಕು. ಡಬ್ಬಿಯಲ್ಲಿ ಸಿಗುವ ಮಾಲ್ಟಿನ ಪಾಕ ತಂದರೆ ನೆನೆಸುವ ಹೆಜ್ಜೆ ತಪ್ಪುತ್ತದೆ.

ಹದ ಕೆಡುವುದು ಹೆಚ್ಚಾಗಿ ಎರಡು ಕಡೆ. ಮೊದಲನೆಯದು ಶುಚಿತ್ವ. ಕುದಿದ ಮೇಲೆ ರಸಕ್ಕೆ ತಾಗುವ ಚಮಚ, ಜಾಡಿ, ಕೊಳವೆ ಎಲ್ಲವನ್ನೂ ಸೂಕ್ಷ್ಮಜೀವಿಗಳು ಉಳಿಯದಂತೆ ತೊಳೆದಿರಬೇಕು. ಬಿಯರನ್ನು ಕೆಡಿಸುವುದು ಸೂಕ್ಷ್ಮಜೀವಿಗಳೇ ಎಂದು ಲೂಯಿ ಪಾಶ್ಚರ್ 1876ರ ತನ್ನ ಗ್ರಂಥದಲ್ಲಿ ತೋರಿಸಿಕೊಟ್ಟ. ಎರಡನೆಯದು ಅವಸರ. ಎರಡು ವಾರದ ಬಳಿಕ ಲೀಟರಿಗೆ ಸುಮಾರು 6 ಗ್ರಾಂ ಸಕ್ಕರೆ ಸೇರಿಸಿ ಸೀಸೆಗೆ ತುಂಬುತ್ತಾರೆ. ನೊರೆ ಹುಟ್ಟುವುದು ಇದರಿಂದಲೇ. ಹುದುಗು ಪೂರ್ತಿ ನಿಲ್ಲುವ ಮೊದಲೇ ತುಂಬಿದರೆ ಒತ್ತಡಕ್ಕೆ ಸೀಸೆ ಸಿಡಿಯಬಹುದು. ಆದ್ದರಿಂದ ರಸದ ಸಾಂದ್ರತೆಯನ್ನು ಹೈಡ್ರೋಮೀಟರಿನಿಂದ ಅಳೆದು, ಎರಡು ಮೂರು ದಿನ ಅಂಕಿ ಬದಲಾಗದಿದ್ದರೆ ಮಾತ್ರ ಮುಂದುವರಿಯಬೇಕು.

ಇದು ಭಟ್ಟಿ ಇಳಿಸುವ ಕೆಲಸವಲ್ಲ. ಮನೆಯಲ್ಲಿ ಭಟ್ಟಿ ಇಳಿಸಲು ಬ್ರಿಟನ್ನಿನಲ್ಲಿ ಈಗಲೂ ಅವಕಾಶವಿಲ್ಲ. ಕರ್ನಾಟಕದಲ್ಲಂತೂ 1965ರ ಅಬಕಾರಿ ಕಾಯಿದೆಯಂತೆ ಪರವಾನಗಿಯಿಲ್ಲದೆ ಯಾವ ಮದ್ಯವನ್ನು ತಯಾರಿಸುವುದೂ ಅಪರಾಧ.

ಅಮೆರಿಕದಲ್ಲಿ ಪಾನನಿಷೇಧ 1933ರಲ್ಲಿ ಕೊನೆಗೊಂಡರೂ ಮನೆಬಿಯರಿಗೆ ಅನುಮತಿ ದೊರೆತದ್ದು 1978ರಲ್ಲಿ, ಅಧ್ಯಕ್ಷ ಜಿಮ್ಮಿ ಕಾರ್ಟರ್ ಸಹಿಯಿಂದ. ಅಲ್ಲಿ ಮನೆಬಿಯರಿನ ಸಾಮಗ್ರಿ ಮಾರುತ್ತಿದ್ದ ಕೆನ್ ಗ್ರಾಸ್‌ಮನ್ 1980ರಲ್ಲಿ ‘ಸಿಯೆರಾ ನೆವಾಡಾ’ ಹೆಸರಿನಲ್ಲಿ ಬಿಯರ್ ತಯಾರಿಸತೊಡಗಿದ. ಹಾಪ್ಸಿನ ಗಾಢ ಪರಿಮಳದ ಅವನ ಬಿಯರ್ ಒಂದೇ ರುಚಿಗೆ ಒಗ್ಗಿಹೋಗಿದ್ದ ದೇಶದ ನಾಲಿಗೆಯನ್ನೇ ಬದಲಿಸಿತು. ಅಡುಗೆಮನೆಯಿಂದ ಕಸುಬನ್ನು ಕಿತ್ತುಕೊಂಡಿದ್ದ ಕಾರ್ಖಾನೆ, ಹೊಸ ರುಚಿಗಾಗಿ ಮತ್ತೆ ಅಡುಗೆಮನೆಯತ್ತಲೇ ನೋಡಬೇಕಾಯಿತು.