ಹೊಗೆಕೊಳವೆಯೊಳಗಿನ ಪ್ಲಾಟಿನಂ

ಪ್ರಶ್ನೆ: ಕಾರಿನಲ್ಲಿ ಕ್ಯಾಟಲಿಟಿಕ್ ಕನ್ವರ್ಟರ್ ಇದ್ದರೂ ಹೊಗೆ ಅಪಾಯಕಾರಿ ಏಕೆ?

ಉತ್ತರ: ಕನ್ವರ್ಟರ್ ಸರಿಯಾಗಿ ಕೆಲಸ ಮಾಡುವುದು ಬಿಸಿಯೇರಿದ ಮೇಲಷ್ಟೇ. ಜೇನುಗೂಡಿನಂಥ ಸೆರಾಮಿಕ್ ತುಂಡಿನ ರಂಧ್ರಗಳಿಗೆ ಲೇಪಿಸಿದ ಪ್ಲಾಟಿನಂ, ಪಲ್ಲಾಡಿಯಂಗಳು ಕಾರ್ಬನ್ ಮಾನಾಕ್ಸೈಡನ್ನೂ ಉರಿಯದೆ ಉಳಿದ ಪೆಟ್ರೋಲ್ ಆವಿಯನ್ನೂ ಆಮ್ಲಜನಕದೊಂದಿಗೆ ಕೂಡಿಸುತ್ತವೆ. ರೋಡಿಯಂ ನೈಟ್ರೋಜನ್ ಆಕ್ಸೈಡುಗಳನ್ನು ಒಡೆಯುತ್ತದೆ. ಸುಮಾರು 250–300 ಡಿಗ್ರಿ ಸೆಲ್ಸಿಯಸ್ ಮುಟ್ಟುವವರೆಗೆ ಇದ್ಯಾವುದೂ ಚೆನ್ನಾಗಿ ನಡೆಯದು. ಹಾಗಾಗಿ ತಣ್ಣಗಿದ್ದ ಕಾರು ಸ್ಟಾರ್ಟ್ ಆದಾಗಿನ ಮೊದಲ ಹೊಗೆಯೇ ಹೆಚ್ಚು ಕೊಳಕು. ಪಕ್ಕದ ಬೀದಿಗೆಂದು ಕಾರು ತೆಗೆಯಬಾರದು ಎನ್ನುವುದು ಅದಕ್ಕೇ.

ಹಾಗಾದರೆ ಕನ್ವರ್ಟರ್ ವ್ಯರ್ಥವೇ? ಖಂಡಿತ ಅಲ್ಲ. ಸೀಸ ತಗುಲಿದರೆ ಈ ಲೇಪ ಹಾಳಾಗುವುದರಿಂದ, 1995ರಲ್ಲಿ ಭಾರತದ ನಾಲ್ಕು ಮಹಾನಗರಗಳ ಹೊಸ ಪೆಟ್ರೋಲ್ ಕಾರುಗಳಿಗೆ ಕನ್ವರ್ಟರ್ ಕಡ್ಡಾಯವಾದಾಗ ಸೀಸರಹಿತ ಪೆಟ್ರೋಲೂ ಬರಲೇಬೇಕಾಯಿತು. ಹೊಗೆಯಲ್ಲಿನ ಸೀಸ ತಪ್ಪಿದ್ದು ಮಕ್ಕಳ ಮಿದುಳಿಗೆ ದೊಡ್ಡ ಉಪಕಾರ. ಕಾರ್ಬನ್ ಡೈಆಕ್ಸೈಡನ್ನು ಮಾತ್ರ ಕನ್ವರ್ಟರ್ ತಡೆಯದು. ಅದು ಉರಿದ ಇಂಧನಕ್ಕೆ ತಕ್ಕಂತೆ ಹೊರಬರುತ್ತಲೇ ಇರುತ್ತದೆ.