ನೆರಳು ನೋಡಿ ಕಾಮನಬಿಲ್ಲು ಹುಡುಕಿ

ಮಳೆಯೂ ಬಿಸಿಲೂ ಕೂಡಿದರೆ ಕಾಮನಬಿಲ್ಲು ಮೂಡುತ್ತದೆ ಎನ್ನುವುದು ಅರ್ಧ ನಿಜ. ನಡುಮಧ್ಯಾಹ್ನ ಬಿಸಿಲುಮಳೆ ಎಷ್ಟೇ ಸೊಗಸಾಗಿ ಸುರಿಯಲಿ, ಕರ್ನಾಟಕದ ಯಾವ ಬಯಲಲ್ಲಿ ನಿಂತರೂ ಆಕಾಶದಲ್ಲಿ ಬಿಲ್ಲು ಕಾಣುವುದಿಲ್ಲ. ಇನ್ನರ್ಧ ನಿಜ ಇರುವುದು ಒಂದು ಕೋನದಲ್ಲಿ. ಅದು ಗೊತ್ತಿದ್ದರೆ ಬಿಲ್ಲು ಯಾವ ಹೊತ್ತಿಗೆ, ಯಾವ ದಿಕ್ಕಿಗೆ, ಎಷ್ಟು ಎತ್ತರದಲ್ಲಿ ಮೂಡಬಹುದು ಎಂದು ಮೊದಲೇ ಹೇಳಬಹುದು.

ಸೂರ್ಯನಿಗೆ ಬೆನ್ನು ಹಾಕಿ ನಿಲ್ಲಿ. ನಿಮ್ಮ ತಲೆಯ ನೆರಳು ಎಲ್ಲಿ ಬಿದ್ದಿದೆಯೋ ಅದೇ ಬಿಲ್ಲಿನ ನಡುಬಿಂದುವಿನ ದಿಕ್ಕು. ಅಲ್ಲಿಂದ ಸುತ್ತಲೂ 42 ಡಿಗ್ರಿ ದೂರದಲ್ಲಿ ಕೆಂಪು ಅಂಚು ಇರುತ್ತದೆ, ಸುಮಾರು ಎರಡು ಡಿಗ್ರಿ ಒಳಗೆ ನೇರಳೆ. ಅಳೆಯಲು ಉಪಕರಣ ಬೇಡ. ತೋಳನ್ನು ಪೂರ್ತಿ ಚಾಚಿ ಬೆರಳು ಅಗಲಿಸಿದರೆ ಒಂದು ಗೇಣು ಸುಮಾರು 20 ಡಿಗ್ರಿ. ನೆರಳಿನ ತಲೆಯಿಂದ ಎರಡು ಗೇಣು ಅಳೆದರೆ ಬಿಲ್ಲಿನ ಜಾಗಕ್ಕೆ ಬಂದಿರುತ್ತೀರಿ.

ಸೂರ್ಯ ಮೇಲೇರಿದಷ್ಟೂ ಆ ನಡುಬಿಂದು ದಿಗಂತದ ಕೆಳಕ್ಕಿಳಿಯುತ್ತದೆ. ಸೂರ್ಯ 42 ಡಿಗ್ರಿ ದಾಟಿದನೆಂದರೆ ಇಡೀ ಬಿಲ್ಲು ನೆಲದ ಕೆಳಗೆ ಹೋಯಿತು. ಇದನ್ನು ತಿಳಿಯಲು ಗಡಿಯಾರಕ್ಕಿಂತ ನೆರಳೇ ಒಳ್ಳೆಯ ಸಾಕ್ಷಿ. ನಿಮ್ಮ ನೆರಳು ನಿಮಗಿಂತ ಗಿಡ್ಡವಾಗಿದ್ದರೆ ಆಕಾಶ ನೋಡುವುದು ವ್ಯರ್ಥ. ನೆರಳು ಉದ್ದವಾದಂತೆ ಬಿಲ್ಲು ಎತ್ತರವಾಗುತ್ತದೆ, ಸೂರ್ಯ ದಿಗಂತ ಮುಟ್ಟಿದಾಗ ಅರ್ಧವೃತ್ತ ಪೂರ್ತಿಯಾಗುತ್ತದೆ. ನಮ್ಮ ಮಳೆಗಾಲದ ಲೆಕ್ಕದಲ್ಲಿ ಬೆಳಿಗ್ಗೆ ಸುಮಾರು ಒಂಬತ್ತರೊಳಗೆ ಪಡುವಣದಲ್ಲಿ, ಸಂಜೆ ನಾಲ್ಕರಿಂದಾಚೆ ಮೂಡಣದಲ್ಲಿ ಹುಡುಕಬೇಕು. ಮಲೆನಾಡಿನ ಆಷಾಢದಲ್ಲಿ ಮಳೆಗೆ ಬರವಿಲ್ಲ, ಬಿಸಿಲಿಗೆ ಬರ. ಮುಂಗಾರಿಗೆ ಮೊದಲಿನ ಮತ್ತು ಹಿಂಗಾರಿನ ಸಂಜೆಮಳೆ, ಒಂದು ಕಡೆ ಸುರಿದು ಇನ್ನೊಂದು ಕಡೆ ಬಾನು ತೆರೆಯುವಂಥದ್ದು, ಬಿಲ್ಲಿಗೆ ಹೇಳಿ ಮಾಡಿಸಿದ್ದು.

42 ಎಂಬ ಸಂಖ್ಯೆ ಎಲ್ಲಿಂದ ಬಂತು? ಒಂದು ಹನಿಯೊಳಗೆ ಇಣುಕಬೇಕು. ಬೆಳಕು ಶೂನ್ಯದಲ್ಲಿ ಸೆಕೆಂಡಿಗೆ ಸುಮಾರು 3 ಲಕ್ಷ ಕಿಲೋಮೀಟರ್ ಓಡುತ್ತದೆ. ನೀರಿನಲ್ಲಿ ಅದು ಸುಮಾರು 2.25 ಲಕ್ಷಕ್ಕೆ ಇಳಿಯುತ್ತದೆ. ಓರೆಯಾಗಿ ಹೊಕ್ಕ ಕಿರಣ ವೇಗ ತಗ್ಗಿದ್ದರಿಂದ ಬಾಗುತ್ತದೆ. ಇದೇ ವಕ್ರೀಭವನ. ಹನಿಯ ಹಿಂಗೋಡೆಗೆ ಬಡಿದು ಒಂದು ಪಾಲು ಮರಳುತ್ತದೆ, ಹೊರಬರುವಾಗ ಮತ್ತೆ ಬಾಗುತ್ತದೆ. ಹನಿಯ ನಟ್ಟನಡುವೆ ಹೊಕ್ಕ ಕಿರಣ ಬಂದ ದಾರಿಯಲ್ಲೇ ಹಿಂದಿರುಗುತ್ತದೆ. ನಡುವಿನಿಂದ ಅಂಚಿನತ್ತ ಸರಿದಂತೆ ಮರಳುವ ಕೋನ ಹಿಗ್ಗುತ್ತಾ ಹೋಗಿ 42 ಡಿಗ್ರಿ ತಲುಪುತ್ತದೆ. ಅಲ್ಲಿಂದ ಮುಂದೆ ಅಂಚಿಗೆ ಎಷ್ಟು ಸರಿದರೂ ಕೋನ ಹೆಚ್ಚುವುದಿಲ್ಲ, ಕುಗ್ಗತೊಡಗುತ್ತದೆ. ಹೀಗೆ ತಿರುಗುವ ಜಾಗದಲ್ಲಿ ಕಿರಣಗಳು ಒತ್ತೊತ್ತಾಗಿ ಸೇರುತ್ತವೆ. ನಮಗೆ ಕಾಣುವ ಬಿಲ್ಲು ಆ ದಟ್ಟಣೆಯೇ. ಉಳಿದ ಕಿರಣಗಳೆಲ್ಲ 42ಕ್ಕಿಂತ ಕಡಿಮೆ ಕೋನಗಳಲ್ಲಿ ಬೆರೆತು ಬರುವುದರಿಂದ ಬಿಲ್ಲಿನ ಒಳಗಿನ ಆಕಾಶ ಹೊರಗಿನದಕ್ಕಿಂತ ಬೆಳ್ಳಗಿರುತ್ತದೆ. ಮುಂದಿನ ಬಾರಿ ಇದನ್ನು ಗಮನಿಸಿ, ಒಮ್ಮೆ ಕಂಡಮೇಲೆ ಮರೆಯುವಂಥದ್ದಲ್ಲ.

ನೇರಳೆ ಬೆಳಕು ನೀರಿನಲ್ಲಿ ಕೆಂಪಿಗಿಂತ ತುಸು ಹೆಚ್ಚು ಬಾಗುವುದರಿಂದ ಬಣ್ಣಗಳು ಬೇರೆಯಾಗುತ್ತವೆ. ಆದರೆ ಒಂದೇ ಹನಿ ಏಳೂ ಬಣ್ಣವನ್ನು ನಿಮ್ಮ ಕಣ್ಣಿಗೆ ಕಳಿಸುವುದಿಲ್ಲ. ಮೇಲಿನ ಹನಿಯಿಂದ ನಿಮಗೆ ಕೆಂಪು ಬಂದರೆ, ಅದರ ನೇರಳೆ ನಿಮ್ಮ ತಲೆಯ ಮೇಲೆ ಹಾದುಹೋಗಿರುತ್ತದೆ. ನಿಮಗೆ ನೇರಳೆ ಕಳಿಸುವುದು ಅದಕ್ಕಿಂತ ಕೆಳಗಿನ ಇನ್ನೊಂದು ಹನಿ. ಕೆಂಪು ಹೊರಅಂಚಿನಲ್ಲಿರುವುದು ಇದಕ್ಕೇ.

ಹದಿನಾಲ್ಕನೆಯ ಶತಮಾನದ ಮೊದಲ ವರ್ಷಗಳಲ್ಲೇ ಪರ್ಷಿಯಾದ ಕಮಾಲ್ ಅಲ್-ದೀನ್ ಅಲ್-ಫಾರಿಸಿ ಮತ್ತು ಜರ್ಮನಿಯ ಪಾದ್ರಿ ಥಿಯೋಡೊರಿಕ್, ಒಬ್ಬರಿಗೊಬ್ಬರು ಗೊತ್ತಿಲ್ಲದೆ, ನೀರು ತುಂಬಿದ ಗಾಜಿನ ಬುರುಡೆಯನ್ನೇ ದೊಡ್ಡ ಮಳೆಹನಿ ಎಂದು ಇಟ್ಟುಕೊಂಡು ಈ ದಾರಿಯನ್ನು ಗುರುತಿಸಿದ್ದರು. 1637ರಲ್ಲಿ ದೆಕಾರ್ತ್ ಒಂದೊಂದೇ ಕಿರಣದ ಲೆಕ್ಕ ಹಾಕಿ 42 ಡಿಗ್ರಿಯ ದಟ್ಟಣೆಯನ್ನು ತೋರಿಸಿದ. ಬಣ್ಣದ ಒಗಟು ಬಿಡಿಸಿದವನು ನ್ಯೂಟನ್.

ಇಲ್ಲೊಂದು ತಪ್ಪನ್ನು ತಿದ್ದಲೇಬೇಕು. ಹನಿಯೊಳಗೆ ನಡೆಯುವುದು ಪೂರ್ಣ ಆಂತರಿಕ ಪ್ರತಿಫಲನ ಎಂದು ಎಷ್ಟೋ ಗೈಡುಗಳಲ್ಲಿ ಬರೆದಿರುತ್ತದೆ. ಹಾಗಲ್ಲ. ಅದಕ್ಕೆ ಕಿರಣ ಒಳಗೋಡೆಗೆ ಸುಮಾರು 49 ಡಿಗ್ರಿಗಿಂತ ಹೆಚ್ಚು ಓರೆಯಾಗಿ ಬಡಿಯಬೇಕು. ಬಿಲ್ಲು ಕಟ್ಟುವ ಕಿರಣ ಬಡಿಯುವುದು ಸುಮಾರು 40ರಲ್ಲಿ. ಬೆಳಕಿನ ಬಹುಪಾಲು ಹಿಂಬದಿಯಿಂದ ಹೊರಟೇಹೋಗುತ್ತದೆ, ಮರಳುವ ಚಿಕ್ಕ ಪಾಲೇ ನಮ್ಮ ಬಿಲ್ಲು. ಈ ಕೋನಕ್ಕೆ ಇನ್ನೊಂದು ಫಲವಿದೆ: ಮರಳಿದ ಬೆಳಕಿನ ಕಂಪನ ಹೆಚ್ಚುಕಡಿಮೆ ಒಂದೇ ದಿಕ್ಕಿಗೆ ಕಟ್ಟುಬಿದ್ದಿರುತ್ತದೆ, ಅಂದರೆ ಅದು ಧ್ರುವೀಕರಣಗೊಂಡ ಬೆಳಕು. ಪೋಲರಾಯ್ಡ್ ತಂಪು ಕನ್ನಡಕ ಹಾಕಿದವರಿಗೆ ಬಿಲ್ಲಿನ ನೆತ್ತಿ ಮಾಸಿದಂತೆ ಕಾಣುವುದು ಇದರಿಂದಲೇ. ಕನ್ನಡಕ ತೆಗೆದು ಕಣ್ಣ ಮುಂದೆ ಹಿಡಿದು ಕಾಲು ಸುತ್ತು ತಿರುಗಿಸಿದರೆ ನೆತ್ತಿ ಮತ್ತೆ ಬೆಳಗುತ್ತದೆ.

ಬಿಲ್ಲು ಗಾಢವಾಗಿದ್ದರೆ ಅದರಾಚೆ ಚಾಚಿದ ಕೈಯ ಒಂದು ಮುಷ್ಟಿಯಷ್ಟು ದೂರದಲ್ಲಿ, ಸುಮಾರು 51 ಡಿಗ್ರಿಯಲ್ಲಿ, ಎರಡನೆಯದನ್ನು ಹುಡುಕಿ. ಅದು ಹನಿಯೊಳಗೆ ಎರಡು ಸಲ ಮರಳಿದ ಬೆಳಕು. ಹಾಗಾಗಿ ಮಸುಕು, ಬಣ್ಣಗಳ ಸಾಲೂ ತಿರುಗುಮುರುಗು.

ಮೊಬೈಲಿನ ಸಾಮಾನ್ಯ ಲೆನ್ಸಿನಲ್ಲಿ 84 ಡಿಗ್ರಿ ಅಗಲದ ಅರ್ಧವೃತ್ತ ಹಿಡಿಸುವುದಿಲ್ಲ, ವೈಡ್ ಲೆನ್ಸ್ ಬಳಸಬೇಕು. ಜಲಪಾತಗಳಲ್ಲಿ ನೆರಳಿನ ನಿಯಮ ಸಡಿಲವಾಗುತ್ತದೆ. ಜೋಗದಂಥ ಕಡೆ ಕಣ್ಣಿನ ಮಟ್ಟಕ್ಕಿಂತ ಕೆಳಗೂ ತುಂತುರು ಇರುವುದರಿಂದ, ಬೆನ್ನಿಗೆ ಬಿಸಿಲಿದ್ದರೆ ಸೂರ್ಯ ಮೇಲೇರಿದ ಮೇಲೂ ಕೆಳಗಿನ ಕಣಿವೆಯಲ್ಲಿ ಬಿಲ್ಲು ಸಿಕ್ಕಬಹುದು.

ವಿಜ್ಞಾನ ಕಲಿಸುವ ಮೇಷ್ಟರು, ಟೀಚರುಗಳಲ್ಲಿ ಒಂದು ಕೋರಿಕೆ. ಈ ಪಾಠವನ್ನು ಬೋರ್ಡಿನ ಮೇಲೆ ಮುಗಿಸಬೇಡಿ. ಬೆಳಗಿನ ಎಳೆಬಿಸಿಲಿನಲ್ಲಿ ಮಕ್ಕಳನ್ನು ಸೂರ್ಯನಿಗೆ ಬೆನ್ನು ಮಾಡಿ ನಿಲ್ಲಿಸಿ, ಗಿಡಗಳ ಕಪ್ಪು ಹಿನ್ನೆಲೆ ಇರುವ ಕಡೆ ಪೈಪಿನ ಬಾಯಿ ಒತ್ತಿ ಸಣ್ಣ ತುಂತುರು ಹಾರಿಸಿ. ಪ್ರತಿ ಮಗುವೂ ತನ್ನ ತಲೆಯ ನೆರಳಿನಿಂದ ಎರಡು ಗೇಣು ಅಳೆಯಲಿ. ಪಕ್ಕದವರ ಬಿಲ್ಲು ಇನ್ನೊಂದು ಜಾಗದಲ್ಲಿದೆ ಎಂದು ಅವರೇ ಕಂಡುಕೊಳ್ಳುತ್ತಾರೆ.