ನೀಲಿ ಮೂರುಗಾಲಿಯ ನಂತರ

2003ರ ಮಾರ್ಚ್ 31ಕ್ಕೆ ಬ್ರಿಟನ್ನಿನ ರಸ್ತೆಗಳಿಂದ ಒಂದು ವಾಹನ ಮರೆಯಾಯಿತು. ತಿಳಿನೀಲಿ ಬಣ್ಣ, ಫೈಬರ್‌ಗ್ಲಾಸ್ ಮೈ, ಮೂರು ಚಕ್ರ, ಒಂದೇ ಸೀಟು. ಹೆಸರು ಇನ್‌ವಾಕಾರ್. ದಶಕಗಳ ಕಾಲ ಅಲ್ಲಿನ ಸರ್ಕಾರ ಅಂಗವಿಕಲರಿಗೆ ಕೊಟ್ಟ ಬಂಡಿ ಅದು. ವಾಹನ ಕೊಡುವುದು ಬೇರೆ, ತಮಗೆ ಹೊಂದುವ ವಾಹನವನ್ನು ಅಂಗವಿಕಲರೇ ಆರಿಸಿಕೊಳ್ಳುವುದು ಬೇರೆ. ಈ ವ್ಯತ್ಯಾಸ ಆ ದೇಶದ ಆಡಳಿತಕ್ಕೆ ಅರ್ಥವಾಗಲು ಸುಮಾರು ಮೂವತ್ತು ವರ್ಷ ಹಿಡಿಯಿತು.

ಅಷ್ಟರಲ್ಲಾಗಲೇ ಅಮೆರಿಕದಲ್ಲಿ ಒಬ್ಬರು ತಮಗೆ ಬೇಕಾದ ಕಾರನ್ನು ತಾವೇ ಮಾಡಿಸಿಕೊಂಡಿದ್ದರು. ಮುಂದೆ ಅಧ್ಯಕ್ಷರಾದ ಫ್ರಾಂಕ್ಲಿನ್ ರೂಸ್‌ವೆಲ್ಟ್ 1921ರಲ್ಲಿ ಕಾಲಿನ ಶಕ್ತಿ ಕಳೆದುಕೊಂಡರು. ಅವರ 1936ರ ಫೋರ್ಡ್ ಕಾರಿಗೆ ಕೈಯಲ್ಲೇ ಎಲ್ಲವನ್ನೂ ನಿಭಾಯಿಸುವ ಸನ್ನೆಕೋಲುಗಳನ್ನು ಜೋಡಿಸಲಾಗಿತ್ತು. 1942ರ ಜೂನ್‌ನಲ್ಲಿ ಹೈಡ್ ಪಾರ್ಕಿನ ತಮ್ಮ ಮನೆಗೆ ಬಂದ ಬ್ರಿಟನ್ ಪ್ರಧಾನಿ ಚರ್ಚಿಲ್‌ರನ್ನು ಕೂರಿಸಿಕೊಂಡು, ಹಡ್ಸನ್ ನದಿಯ ಮೇಲಿನ ಕಡಿದಾದ ದಾರಿಯಲ್ಲಿ ಅವರೇ ಕಾರು ಓಡಿಸಿದರು. ತಮ್ಮ ತೋಳು ಎಷ್ಟು ಗಟ್ಟಿ ಇದೆ ಮುಟ್ಟಿ ನೋಡಿ ಎಂದೂ ಹೇಳಿದರು. ಅವರಲ್ಲಿ ಹಣವಿತ್ತು, ಅಧಿಕಾರವಿತ್ತು. ಅವೆರಡೂ ಇಲ್ಲದವರ ಕಥೆ ಬೇರೆ.

ಇಂಗ್ಲೆಂಡಿನಲ್ಲಿ 1940ರ ದಶಕದಲ್ಲಿ ಬರ್ಟ್ ಗ್ರೀವ್ಸ್ ಎಂಬ ಎಂಜಿನಿಯರ್, ನಡೆಯಲಾಗದ ತನ್ನ ದಾಯಾದಿ ಡೆರಿ ಪ್ರೆಸ್ಟನ್-ಕಾಬ್‌ನ ಗಾಲಿಕುರ್ಚಿಗೆ ಎಂಜಿನ್ ಜೋಡಿಸಿದರು. ಇಬ್ಬರೂ ಸೇರಿ ಕಂಪನಿ ಕಟ್ಟಿದರು. ಯುದ್ಧದಲ್ಲಿ ಗಾಯಗೊಂಡು ಮರಳಿದವರಿಗೆ ವಾಹನ ಬೇಕಿತ್ತು, ಸರ್ಕಾರವೇ ದೊಡ್ಡ ಗಿರಾಕಿಯಾಯಿತು. ಒಬ್ಬ ಬಂಧುವಿನ ಮೈಗೆ ಅಳೆದು ಮಾಡಿದ್ದು ಸಾವಿರಾರು ಜನರಿಗೆ ಒಂದೇ ನಮೂನೆಯ ವಾಹನವಾಯಿತು.

ಇನ್‌ವಾಕಾರ್‌ನಿಂದ ಬಹಳ ಜನಕ್ಕೆ ಮನೆಯಿಂದಾಚೆ ಹೋಗುವ ಸ್ವಾತಂತ್ರ್ಯ ಸಿಕ್ಕಿತು, ನಿಜ. ಗಾಲಿಕುರ್ಚಿಯಿಂದ ಸೀಟಿಗೆ ಜಾರಿಕೊಂಡು, ಕುರ್ಚಿಯನ್ನು ಮಡಚಿ ಪಕ್ಕಕ್ಕೆ ಎಳೆದುಕೊಂಡರೆ ಹೊರಡಬಹುದಿತ್ತು. ಆದರೆ ಇನ್ನೊಬ್ಬರನ್ನು ಕೂರಿಸುವಂತಿರಲಿಲ್ಲ. ತಾಯಿ ಮಗುವನ್ನು ಶಾಲೆಗೆ ಬಿಡುವಂತಿಲ್ಲ, ಗಂಡ ಹೆಂಡತಿ ಜೊತೆಯಾಗಿ ಹೋಗುವಂತಿಲ್ಲ. ಗಾಳಿ ಜೋರಾದರೆ ಬಂಡಿ ಹೊಯ್ದಾಡುತ್ತಿತ್ತು. ಅದನ್ನು ಓಡಿಸುತ್ತಿದ್ದವರೇ ಸಂಘಟಿತರಾಗಿ ಬೇಡ ಎಂದರು. ನನ್ನ ಮಟ್ಟಿಗೆ ಈ ಇತಿಹಾಸದ ಮುಖ್ಯ ಘಟನೆ ಇದೇ.

1974ರಲ್ಲಿ ಆಲ್ಫ್ ಮಾರಿಸ್ ಅಂಗವಿಕಲರ ಖಾತೆಯ ಮೊದಲ ಸಚಿವರಾದರು. 1976ರಲ್ಲಿ, ನಡೆಯಲಾಗದವರ ಓಡಾಟಕ್ಕೆಂದು ನಗದು ಭತ್ಯೆ ಶುರುವಾಯಿತು. ಮರುವರ್ಷ ಲಾರ್ಡ್ ಗುಡ್‌ಮನ್ ಮತ್ತು ಜೆಫ್ರಿ ಸ್ಟರ್ಲಿಂಗ್ 'ಮೋಟಬಿಲಿಟಿ' ಸಂಸ್ಥೆ ಕಟ್ಟಿದರು. ಭತ್ಯೆಯ ಹಣವನ್ನು ಈ ಸಂಸ್ಥೆಗೆ ಬಿಟ್ಟುಕೊಟ್ಟರೆ, ಎಲ್ಲರೂ ಓಡಿಸುವಂಥ ಕಾರನ್ನೇ ಆರಿಸಿ ಗುತ್ತಿಗೆಗೆ ಪಡೆಯಬಹುದು, ತಮಗೆ ಬೇಕಾದ ಬದಲಾವಣೆಯನ್ನೂ ಮಾಡಿಸಿಕೊಳ್ಳಬಹುದು. ಪಕ್ಕದ ಸೀಟಿನಲ್ಲಿ ಮನೆಯವರೂ ಕೂರಬಹುದು.

ನಮ್ಮಲ್ಲಿ ದಾರಿ ತೆರೆದದ್ದು ಮೆಕ್ಯಾನಿಕ್‌ಗಳು. ಕಿಕ್ ಹೊಡೆದು, ಕಾಲಲ್ಲಿ ಬ್ರೇಕ್ ಒತ್ತಬೇಕಾದ ಸ್ಕೂಟರ್ ಪೋಲಿಯೊ ಪೀಡಿತರಿಗೆ ಕಷ್ಟವಾಗಿತ್ತು. 1984ರಲ್ಲಿ ಬಂದ ಕೈನೆಟಿಕ್ ಹೋಂಡಾಕ್ಕೆ ಗೇರ್ ಇರಲಿಲ್ಲ, ಬಟನ್ ಒತ್ತಿದರೆ ಸ್ಟಾರ್ಟ್ ಆಗುತ್ತಿತ್ತು. ಇಂಥ ಗೇರ್‌ಲೆಸ್ ಸ್ಕೂಟರ್‌ಗಳ ಹಿಂಭಾಗಕ್ಕೆ ಎರಡೂ ಕಡೆ ಚಿಕ್ಕ ಚಕ್ರ ಕೂರಿಸುವ ಕೆಲಸ ಗ್ಯಾರೇಜುಗಳಲ್ಲಿ ಬೆಳೆಯಿತು. ಕಾರಿನ ವಿಷಯದಲ್ಲಿ 2014ರಲ್ಲಿ ಮಾರುತಿಯ ಸೆಲೆರಿಯೊ ತಂದ, ತಾನೇ ಬದಲಾಗುವ ಎಎಂಟಿ ಗೇರ್ ಅಂಥದ್ದೇ ತಿರುವು. ಸಣ್ಣ ಕಾರಿನಲ್ಲೂ ಕ್ಲಚ್ ಪೆಡಲ್ ಹೋದ ಮೇಲೆ ಉಳಿದದ್ದು ಎರಡೇ ಪೆಡಲ್. ಅವೆರಡನ್ನೂ ಒಂದೇ ಹ್ಯಾಂಡ್ ಕಂಟ್ರೋಲ್ ಸರಳಿಗೆ ಜೋಡಿಸಬಹುದು.

ಕಾನೂನು ನಿಧಾನವಾಗಿ ಹಿಂದೆ ಬಂತು. 1988ರ ಮೋಟಾರು ವಾಹನ ಕಾಯ್ದೆಯ ಪ್ರಕಾರ, ಅಂಗವಿಕಲರ ವಾಹನ ಎಂಬ ವರ್ಗದಲ್ಲಿ ಅವರಿಗೆಂದೇ ತಯಾರಾದ ವಾಹನಕ್ಕೆ ಮಾತ್ರ ಜಾಗವಿತ್ತು, ಮಾರ್ಪಡಿಸಿದ್ದಕ್ಕೆ ಇರಲಿಲ್ಲ. 2019ರ ತಿದ್ದುಪಡಿ ಮಾರ್ಪಡಿಸಿದ ವಾಹನವನ್ನೂ ಒಳಗೆ ತಂದಿತು. ಅದಕ್ಕೂ ಮೊದಲು, 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 41ನೇ ಕಲಂ, ವಾಹನ ಮಾರ್ಪಾಡಿಗೆ ನೆರವಾಗುವ ಯೋಜನೆ ರೂಪಿಸುವುದು ಸರ್ಕಾರದ ಹೊಣೆ ಎಂದಿತ್ತು.

ಕೊಳ್ಳುವವರಿಗೆ ಒಂದೆರಡು ಮಾತು. ಸೈಡ್ ವೀಲ್ ಸ್ಕೂಟರ್ ತಿರುವಿನಲ್ಲಿ ವಾಲುವುದಿಲ್ಲ, ವೇಗವಿದ್ದರೆ ಸವಾರನನ್ನೇ ಹೊರಕ್ಕೆ ತಳ್ಳುತ್ತದೆ. ಪಕ್ಕದ ಚಕ್ರಗಳಿಗೆ ಸ್ಪ್ರಿಂಗ್ ಇಲ್ಲದಿದ್ದರೆ ಗುಂಡಿಯಲ್ಲಿ ಅವೆರಡೂ ಅಂಚಿಗೆ ನಿಂತು, ನಡುವಿನ ಹಿಂದಿನ ಚಕ್ರ ನೆಲ ಬಿಟ್ಟು ಸುಮ್ಮನೆ ಸುತ್ತುತ್ತದೆ. ಹಾಗಾಗಿ ಷೋರೂಮಿನ ನುಣುಪು ನೆಲದಲ್ಲಲ್ಲ, ನಿಮ್ಮ ಮನೆಯ ರಸ್ತೆಯಲ್ಲೇ ಓಡಿಸಿ ನೋಡಿ. ಗೇಟು, ಓಣಿಯ ಅಗಲ ಅಳೆಯಿರಿ. ಕಾರಾದರೆ ಗಾಲಿಕುರ್ಚಿಯಿಂದ ಸೀಟಿಗೆ ಹೋಗುವುದು, ಕುರ್ಚಿಯನ್ನು ಒಳಗಿಡುವುದು, ಎರಡನ್ನೂ ನೀವೇ ಮಾಡಿ ನೋಡಿ. ಮಾರ್ಪಾಡನ್ನು ಆರ್‌ಟಿಒದಲ್ಲಿ ಆರ್‌ಸಿಗೆ ಸೇರಿಸಿ, ವಿಮಾ ಕಂಪನಿಗೂ ತಿಳಿಸಿ.

ಕರ್ನಾಟಕದ ವಿಕಲಚೇತನರ ಇಲಾಖೆ ಯಂತ್ರಚಾಲಿತ ದ್ವಿಚಕ್ರ ವಾಹನ ಕೊಡುತ್ತಿದೆ. ಅದರಿಂದ ಕಾಲೇಜಿಗೆ, ಕೆಲಸಕ್ಕೆ ಹೋಗುವಂತಾದವರು ಎಷ್ಟೋ ಜನ. ಆದರೆ ಬೆನ್ನುಹುರಿಗೆ ಪೆಟ್ಟಾಗಿ ಸೊಂಟದ ಹಿಡಿತ ಇಲ್ಲದವರು ಬೆನ್ನಿಗೆ ಆಸರೆಯಿಲ್ಲದ ಸ್ಕೂಟರ್ ಮೇಲೆ ಕೂರುವುದೇ ಅಪಾಯ. ಅಂಥವರಿಗಾಗಿ ಐಐಟಿ ಮದ್ರಾಸಿನಲ್ಲಿ ರೂಪುಗೊಂಡ ನಿಯೋಬೋಲ್ಟ್ ಎಂಬ, ಗಾಲಿಕುರ್ಚಿಗೇ ಸಿಕ್ಕಿಸುವ ಮೋಟಾರು 2021ರಿಂದ ಇದೆ. ಇಲಾಖೆ ಒಂದೇ ಬಗೆಯ ವಾಹನ ಹಂಚುವ ಬದಲು ಅದೇ ಮೊತ್ತವನ್ನು ಫಲಾನುಭವಿಯ ಹೆಸರಿಗೆ ಇಟ್ಟು, ಸ್ಕೂಟರೋ, ಕಾರಿನ ಹ್ಯಾಂಡ್ ಕಂಟ್ರೋಲೋ, ಕುರ್ಚಿಯ ಮೋಟಾರೋ ಅವರೇ ಆರಿಸಿಕೊಳ್ಳಲು ಬಿಡಬೇಕು. ಮುಂದಿನ ಅರ್ಜಿ ನಮೂನೆಯಲ್ಲೇ ಆ ಒಂದು ಕಲಂ ಸೇರಲಿ.